ಬೆಟ್ಟಕ್ಕೆ ಏನು ಬೇಕು: ಕಾವಲೋ, ಬೀಜದ ಗಿಡವೋ, ಕಸಿಯೋ?

ಮಳೆ ಹಿಡಿಯಲು ಇನ್ನೂ ಹದಿನೈದು ದಿನ ಇರುವಾಗಲೇ ಫೋನ್ ಶುರುವಾಗುತ್ತದೆ. "ಉಪ್ಪಾಗೆ ಕಸಿ ಐವತ್ತು ಬೇಕಿತ್ತು, ಎಲ್ಲಿ ಸಿಗುತ್ತದೆ?" "ಮುರುಗಲು ಹಾಕಲಾ, ಅಪ್ಪೆಮಿಡಿ ಹಾಕಲಾ?" ಉಪ್ಪಾಗೆ, ಮುರುಗಲು ಎರಡೂ ಹುಳಿ ಹಣ್ಣಿನ ಕಾಡು ಮರಗಳು, ಅಪ್ಪೆಮಿಡಿ ಉಪ್ಪಿನಕಾಯಿಗೆ ಹಾಕುವ ಕಾಡುಮಾವಿನ ಮಿಡಿ. ನಮ್ಮ ಉತ್ತರ ಕನ್ನಡ ಜಿಲ್ಲೆಯ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯವರು ಕೇಳುತ್ತಾರೆ. ಕುಮಟಾ, ಕಾರವಾರದ ನೆಂಟರೂ ಕೇಳುತ್ತಾರೆ. ಎಲ್ಲರಿಗೂ ನನ್ನದು ಒಂದೇ ಮರುಪ್ರಶ್ನೆ: ನಿಮ್ಮ ಬೆಟ್ಟದಲ್ಲಿ ಈಗ ತಾನಾಗಿ ಏನೇನು ಹುಟ್ಟಿದೆ, ನೋಡಿದ್ದೀರಾ?

ಹೆಚ್ಚಿನವರು ನೋಡಿರುವುದಿಲ್ಲ. ತೋಟಕ್ಕೆ ದಿನಾ ಹೋಗುತ್ತೇವೆ, ಬೆಟ್ಟಕ್ಕೆ ಹೋಗುವುದು ಸೊಪ್ಪು ಕಡಿಯುವಾಗ, ದರಕು (ಉದುರಿದ ಒಣ ಎಲೆ) ಗುಡಿಸುವಾಗ ಮಾತ್ರ. ಆಗ ಕಣ್ಣು ಮೇಲಿನ ಟೊಂಗೆಯ ಮೇಲಿರುತ್ತದೆ, ಇಲ್ಲವೇ ಕೆಳಗಿನ ಒಣ ಎಲೆಯ ಮೇಲೆ. ಮೊಣಕಾಲೆತ್ತರದ ಸಸಿ ಯಾರ ಕಣ್ಣಿಗೂ ಬೀಳುವುದಿಲ್ಲ. ನಾವು ಕಡಿಯುವ ಜಿಗ್ಗಿನ (ಕುರುಚಲು ಗಿಡಗಳ) ಜೊತೆ ಅದೂ ಹೋಗುತ್ತದೆ, ಪ್ರತಿ ವರ್ಷ ಹೋಗುತ್ತದೆ, ಆಮೇಲೆ ನಾವೇ ನರ್ಸರಿಗೆ ಹೋಗಿ ಅದೇ ಜಾತಿಯ ಗಿಡವನ್ನು ದುಡ್ಡು ಕೊಟ್ಟು ತರುತ್ತೇವೆ.

ಬೇರೆ ಜಿಲ್ಲೆಯವರಿಗೆ ಒಂದು ವಿವರ ಹೇಳಬೇಕು. ನಮ್ಮಲ್ಲಿ ಬೆಟ್ಟ ಅಂದರೆ ಬರೀ ಗುಡ್ಡ ಅಲ್ಲ, ಸೊಪ್ಪಿನ ಬೆಟ್ಟ. ಅಡಿಕೆ ತೋಟದ ಗೊಬ್ಬರಕ್ಕೆ ಸೊಪ್ಪು, ದರಕು, ಕರಡ (ಒಣ ಹುಲ್ಲು), ಒಲೆಗೆ ಒಣ ಕಟ್ಟಿಗೆ ತರಲು ಬ್ರಿಟಿಷರ ಕಾಲದಲ್ಲೇ ಬಿಟ್ಟುಕೊಟ್ಟ ಕಾಡು. ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೂ ಬೆಟ್ಟ ಅಂತ ಲೆಕ್ಕ. ನೆಲ ಸರ್ಕಾರದ್ದು, ಬಳಸುವ ಹಕ್ಕು ನಮ್ಮದು. ಹಾಗಾಗಿ ಇದು ಪೂರ್ತಿ ಕಾಡೂ ಅಲ್ಲ, ಪೂರ್ತಿ ತೋಟವೂ ಅಲ್ಲ. ಕೆಲವರ ಬೆಟ್ಟ ಕಾನಿನ (ದಟ್ಟ ಹಸಿರು ಕಾಡಿನ) ಹಾಗಿದೆ, ಪಕ್ಕದವರದ್ದು ಬೋಳು ಬೇಣ (ಹುಲ್ಲಿನ ಬಯಲು). ನಡುವೆ ಇರುವುದು ಒಂದು ಅಗಳ (ಅಂಚಿನ ಕಂದಕ) ಅಷ್ಟೇ, ಮಳೆ ಒಂದೇ, ಮಣ್ಣೂ ಒಂದೇ. ವ್ಯತ್ಯಾಸ ಬಂದಿದ್ದು ಕತ್ತಿ ಹಿಡಿದ ಕೈಯಿಂದ.

1983ರ ಸೆಪ್ಟೆಂಬರ್‌ನಲ್ಲಿ ಶಿರಸಿ ತಾಲೂಕಿನ ಸಾಲ್ಕಣಿಯ ಜನ ಕಾಡಿಗೆ ನಡೆದು ಹೋಗಿ ಕಡಿಯದ ಹಾಗೆ ಮರ ಅಪ್ಪಿಕೊಂಡರಲ್ಲ, ಆ ಅಪ್ಪಿಕೋ ಚಳವಳಿಯಿಂದ ನಮಗೆ ಮೂರು ಮಾತು ಸಿಕ್ಕಿವೆ: ಉಳಿಸು, ಬೆಳೆಸು, ಬಳಸು. ಈಗ ಕಸಿ ಗಿಡಕ್ಕೆ ಫೋನ್ ಮಾಡುವವರೆಲ್ಲ ನಡುವಿನ 'ಬೆಳೆಸು' ಇಂದ ಶುರು ಮಾಡುತ್ತಿದ್ದಾರೆ ಅನ್ನುವುದೇ ನನ್ನ ತಕರಾರು. ಮೊದಲನೆಯದನ್ನು ಬಿಟ್ಟು ಎರಡನೆಯದಕ್ಕೆ ಹಾರಿದರೆ ದುಡ್ಡೂ ಜಾಸ್ತಿ ಖರ್ಚು, ಬೆಟ್ಟವೂ ಬಡವಾಗುತ್ತದೆ. ಯಾಕೆ ಅಂತ ಒಂದೊಂದಾಗಿ ನೋಡೋಣ.

ಸುಮ್ನೆ ಕಾಯುವುದು

ಇದು ಎಲ್ಲಕ್ಕಿಂತ ಅಗ್ಗ, ಮತ್ತು ಎಲ್ಲರೂ ಬಿಟ್ಟುಬಿಡುವ ದಾರಿ. ಬೆಟ್ಟದಲ್ಲಿ ಅಥವಾ ಹತ್ತಿರದ ಕಾನಿನಲ್ಲಿ ತಾಯಿ ಮರಗಳಿದ್ದರೆ ಬೀಜ ತಾನಾಗಿ ಬರುತ್ತದೆ. ದೊಡ್ಡ ಕೊಕ್ಕಿನ ಮಂಗಟ್ಟೆ ಹಕ್ಕಿ ರಾಮಪತ್ರೆಯ (ಕಾಡು ಜಾಯಿಕಾಯಿ ಜಾತಿಯ ಮರ) ಬೀಜ ತಂದು ಹಾಕುತ್ತದೆ, ಮಂಗ ಮತ್ತು ಪುನುಗು ಬೆಕ್ಕು ಉಪ್ಪಾಗೆ ತರುತ್ತವೆ, ನೇರಳೆ ತರಲು ಪಿಕಳಾರ, ಬಾವಲಿ ಎಲ್ಲ ಇವೆ. ನಾವು ಮಾಡಬೇಕಾದದ್ದು ಮೂರೇ: ದನ ಬರದ ಹಾಗೆ ಅಗಳವೋ ಬೇಲಿಯೋ ಸರಿ ಮಾಡುವುದು, ಬೇಸಿಗೆಯಲ್ಲಿ ಬೆಂಕಿ ಬೀಳದ ಹಾಗೆ ಅಂಚಿನ ಕರಡ ಕೊಯ್ದು ದಾರಿ ಬಿಡಿಸುವುದು, ಜಿಗ್ಗು ಸವರುವಾಗ ಸಸಿ ಗುರುತಿಸುವುದು.

ಮೂರನೆಯದು ಕಷ್ಟ, ಯಾಕೆಂದರೆ ಕೆಲಸಕ್ಕೆ ಬಂದವರಿಗೆ ಎಲ್ಲ ಸಸಿಯೂ ಜಿಗ್ಗೇ. ನಮ್ಮ ಮನೆಯಲ್ಲಿ ಹಳೆ ಸೀರೆ ಹರಿದು ಪಟ್ಟಿ ಮಾಡಿ ಇಡುತ್ತೇವೆ. ಸವರುವ ಹಿಂದಿನ ದಿನ ಬೆಟ್ಟ ಸುತ್ತಿ ಬೇಕಾದ ಸಸಿಗೆಲ್ಲ ಒಂದೊಂದು ಪಟ್ಟಿ ಕಟ್ಟುತ್ತೇವೆ. ಬಣ್ಣದ ಬಟ್ಟೆ ಇರುವುದನ್ನು ಮುಟ್ಟಬೇಡಿ ಅಂದರೆ ಸಾಕು, ಯಾರೂ ಮುಟ್ಟುವುದಿಲ್ಲ. ಮೊದಲ ಸಲ ಕಟ್ಟುವಾಗ ಪಟ್ಟಿ ಸಾಲದೆ ಬಾಳೆನಾರು ಕಟ್ಟಬೇಕಾಯಿತು. ಉಪ್ಪಾಗೆ, ಕಾಡು ದಾಲ್ಚಿನ್ನಿ, ವಾಟೆ, ನೇರಳೆ, ಹಲಸು ಇಷ್ಟನ್ನು ನಾನೇ ಗುರುತು ಹಿಡಿದೆ. ಉಳಿದದ್ದರ ಹೆಸರು ಅಮ್ಮ ಹೇಳಿದರು. ಕೆಲವು ಗಿಡದ ಹೆಸರು ಪುಸ್ತಕಕ್ಕಿಂತ ಸೊಪ್ಪಿನ ತಂಬುಳಿ ಮಾಡುವವರಿಗೇ ಚೆನ್ನಾಗಿ ಗೊತ್ತಿರುತ್ತದೆ, ಅವರನ್ನು ಬೆಟ್ಟಕ್ಕೆ ಕರೆದುಕೊಂಡು ಹೋಗಿ.

ದರಕಿನ ಬಗ್ಗೆಯೂ ಹೇಳಬೇಕು. ಇಡೀ ಬೆಟ್ಟ ನುಣ್ಣಗೆ ಗುಡಿಸಿದರೆ ಬಿದ್ದ ಬೀಜವೂ ದರಕಿನ ಜೊತೆ ಕೊಟ್ಟಿಗೆ ಸೇರುತ್ತದೆ, ಉಳಿದ ಬೀಜ ಬಿಸಿಲಿಗೆ ಒಣಗುತ್ತದೆ. ಬೆಟ್ಟವನ್ನು ಮೂರು ಭಾಗ ಮಾಡಿ ಒಂದು ಭಾಗ ಆ ವರ್ಷ ಗುಡಿಸದೆ ಬಿಡಿ, ಮರುವರ್ಷ ಇನ್ನೊಂದು ಭಾಗ ಬಿಡಿ. ಗೊಬ್ಬರ ಸ್ವಲ್ಪ ಕಡಿಮೆಯಾಗುತ್ತದೆ, ನಿಜ. ಆದರೆ ಸಸಿ ಬರುವುದು ಬಿಟ್ಟ ಜಾಗದಲ್ಲೇ.

ಈ ದಾರಿ ಎಲ್ಲಿ ಆಗುವುದಿಲ್ಲ? ತಾಯಿ ಮರಗಳೇ ಇಲ್ಲದ ಕಡೆ. ಅಕೇಶಿಯಾ ದಟ್ಟವಾಗಿ ಬೆಳೆದ ಕಡೆ, ಅದರ ಎಲೆ ಬೇಗ ಕೊಳೆಯುವುದಿಲ್ಲ, ಚಾಪೆ ಹಾಸಿದ ಹಾಗೆ ಬಿದ್ದಿರುತ್ತದೆ, ಬೀಜ ಮಣ್ಣು ಮುಟ್ಟುವುದೇ ಇಲ್ಲ. ಕರಾವಳಿಯ ಗಟ್ಟಿ ಚಿರೆಕಲ್ಲಿನ ಗುಡ್ಡದಲ್ಲೂ ಬಹಳ ನಿಧಾನ. ಅಲ್ಲೆಲ್ಲ ನೆಡಲೇಬೇಕು.

ಬೀಜದ ಗಿಡ

ನೆಡುವುದು ಅಂತಾದರೆ ಬೀಜದ್ದೋ ಕಸಿಯದ್ದೋ? ಇಲ್ಲಿ ಎಲ್ಲರೂ 'ಕಾಯಿ ಯಾವಾಗ ಬರುತ್ತದೆ' ಅಂತ ಮಾತ್ರ ಕೇಳುತ್ತಾರೆ. ಆ ಒಂದು ಪ್ರಶ್ನೆಯಲ್ಲಿ ಕಸಿಯೇ ಗೆಲ್ಲುತ್ತದೆ. ಬೀಜದ ಉಪ್ಪಾಗೆ ಫಸಲಿಗೆ ಹತ್ತು ಹನ್ನೆರಡು ವರ್ಷ ಬೇಕು, ಕಸಿ ಮೂರು ನಾಲ್ಕು ವರ್ಷಕ್ಕೇ ಕಾಯಿ ತೋರಿಸುತ್ತದೆ. ಮುರುಗಲು ಬೀಜದ್ದಾದರೆ ಏಳೆಂಟು ವರ್ಷ, ಕಸಿಯದ್ದಾದರೆ ನಾಲ್ಕೈದು. ಜೊತೆಗೆ ಬೀಜದಿಂದ ಬಂದ ಗಿಡದಲ್ಲಿ ಸುಮಾರು ಅರ್ಧ ಕಾಯಿ ಬಿಡದ ಗಂಡು ಗಿಡವೇ ಆಗುತ್ತದೆ, ಹೂ ಬಿಡುವ ತನಕ ಗೊತ್ತೇ ಆಗುವುದಿಲ್ಲ. ಹೀಗೆ ಕೇಳಿದರೆ ಬೀಜದ ಗಿಡ ಯಾರೂ ಹಾಕುವುದಿಲ್ಲ ಅಲ್ವಾ?

ಆದರೆ ಕಸಿ ಗಿಡ ಅಂದರೆ ಒಂದು ತಾಯಿ ಮರದ ನಕಲು. ಐವತ್ತು ಕಸಿ ತಂದರೆ ಐವತ್ತು ಮರ ಬೆಳೆಯುತ್ತವೆ, ಆದರೆ ಗುಣದಲ್ಲಿ ಅದು ಒಂದೇ ಮರ. ಆ ತಾಯಿಗೆ ಒಂದು ರೋಗ ತಾಳುವ ಶಕ್ತಿ ಇಲ್ಲದಿದ್ದರೆ ಐವತ್ತಕ್ಕೂ ಇಲ್ಲ. ಬೀಜದಿಂದ ಐವತ್ತು ಗಿಡ ಬಂದರೆ ಐವತ್ತೂ ಬೇರೆ ಬೇರೆ. ಒಂದು ಬೇಗ ಹೂ ಬಿಡುತ್ತದೆ, ಇನ್ನೊಂದು ತಡವಾಗಿ. ಒಂದರ ಸಿಪ್ಪೆ ದಪ್ಪ, ಒಂದು ಬೇಸಿಗೆ ತಡೆಯುತ್ತದೆ. ನಮ್ಮ ಜಿಲ್ಲೆಯಲ್ಲಿ ಬಿಳಿ ಮುರುಗಲು ಅಂತ ಹಳದಿ ಬಣ್ಣದ ಹಣ್ಣಿನ ಮರ ಅಲ್ಲಲ್ಲಿ ಇದೆಯಲ್ಲ, ಅದನ್ನು ಯಾರೂ ತಯಾರು ಮಾಡಿದ್ದಲ್ಲ, ಯಾವುದೋ ಬೀಜದಿಂದ ತಾನಾಗಿ ಬಂದದ್ದು.

ಇನ್ನೊಂದು ಸಂಗತಿ ತುಂಬಾ ಜನರಿಗೆ ಗೊತ್ತಿಲ್ಲ. ಭತ್ತ, ರಾಗಿಯ ಬೀಜವನ್ನು ಒಣಗಿಸಿ ತಣ್ಣಗೆ ಇಟ್ಟರೆ ಹತ್ತಾರು ವರ್ಷ ಬದುಕುತ್ತದೆ. ದೆಹಲಿಯ ರಾಷ್ಟ್ರೀಯ ಜೀನ್ ಬ್ಯಾಂಕ್‌ನಲ್ಲಿ ಸೊನ್ನೆಗಿಂತ 18 ಡಿಗ್ರಿ ಕೆಳಗೆ ಇಡುವುದು ಇಂಥ ಬೀಜಗಳನ್ನು. ಉಪ್ಪಾಗೆ, ಮುರುಗಲು, ರಾಮಪತ್ರೆ, ಮಾವು ಹಾಗಲ್ಲ. ಒಣಗಿದರೆ ಅವುಗಳ ಬೀಜ ಸತ್ತೇ ಹೋಗುತ್ತದೆ. ಪೊಟ್ಟಣ ಕಟ್ಟಿ ಇಡುವ ಹಾಗಿಲ್ಲ. ಹಾಗಾಗಿ ನಮ್ಮ ಕಾಡಿನ ಈ ಜಾತಿಗಳನ್ನು ಉಳಿಸುವ ಜಾಗ ಬೆಟ್ಟ, ಕಾನು, ದೇವರ ಬನ ಮಾತ್ರ. ಮರವಾಗಿಯೇ ಉಳಿಯಬೇಕು. ನಾನು ಬೀಜದ ಗಿಡದ ಪರ ಇಷ್ಟು ಮಾತಾಡುವುದು ಇದಕ್ಕಾಗಿಯೇ.

ಬೀಜ ತರುವ ರೀತಿಯೂ ಮುಖ್ಯ. ಒಂದೇ ಮರದ ಕೆಳಗೆ ಬುಟ್ಟಿ ತುಂಬಿಸಬೇಡಿ. ಹತ್ತು ಹದಿನೈದು ಮರದಿಂದ, ಸಾಧ್ಯವಾದರೆ ಬೇರೆ ಬೇರೆ ಊರಿನ ಕಾಡಂಚಿನಿಂದ ಸ್ವಲ್ಪ ಸ್ವಲ್ಪ ತನ್ನಿ. ಪೂರ್ತಿ ಹಣ್ಣಾದದ್ದೇ ಬೇಕು. ತಿರುಳು ತೊಳೆದು ನೆರಳಲ್ಲಿ ನೀರು ಆರಿಸಿ ತಡ ಮಾಡದೆ ಹಾಕಿ. ಮುರುಗಲು ಬೇಗ ಮೊಳೆಯುತ್ತದೆ. ಉಪ್ಪಾಗೆ ಹಾಗೆಯೇ ಹಾಕಿದರೆ ಐದರಿಂದ ಏಳು ತಿಂಗಳು ಮಣ್ಣಲ್ಲೇ ಕೂತಿರುತ್ತದೆ, ಎಷ್ಟೋ ಜನ ಸತ್ತಿದೆ ಅಂತ ಪಾತಿ ಅಗೆದು ಚೆಲ್ಲುತ್ತಾರೆ. ಬೀಜದ ಮೇಲಿನ ಗಟ್ಟಿ ಸಿಪ್ಪೆಯನ್ನು ಒಳಗಿನ ಬೀಜಕ್ಕೆ ಗಾಯವಾಗದಂತೆ ಬಿಡಿಸಿ ಹಾಕಿದರೆ ಬಹಳ ಬೇಗ ಬರುತ್ತದೆ.

ಕಸಿ ಗಿಡ

ಕಸಿ ಬೇಡ ಅಂತ ನಾನು ಹೇಳುತ್ತಿಲ್ಲ. ಮನೆಗೆ ಆದಾಯ ಬೇಕು, ಮಗಳ ಓದಿಗೆ ದುಡ್ಡು ಬೇಕು ಅನ್ನುವವರಿಗೆ ಹನ್ನೆರಡು ವರ್ಷ ಕಾಯಿರಿ ಅನ್ನುವುದು ನ್ಯಾಯವಲ್ಲ. ಕಸಿಯಿಂದ ಕಾಡಿಗೂ ಒಂದು ಲಾಭ ಇದೆ: ತೋಟದ ಅಂಚಲ್ಲೇ ಕೈಗೆಟಕುವ ಎತ್ತರದಲ್ಲಿ ಉಪ್ಪಾಗೆ ಸಿಕ್ಕಿದರೆ ಕಾಡಿನ ದೊಡ್ಡ ಮರ ಹತ್ತಿ ಟೊಂಗೆ ಮುರಿಯುವ ಅಗತ್ಯ ಬೀಳುವುದಿಲ್ಲ.

ತರುವಾಗ ಎರಡು ವಿಷಯ ಕೇಳಿ. ಕಸಿಕಡ್ಡಿ (ಕಸಿ ಕಟ್ಟಲು ತಾಯಿ ಮರದಿಂದ ತೆಗೆದ ಕಡ್ಡಿ) ನೇರವಾಗಿ ಮೇಲೆ ಹೋಗುವ ಚಿಗುರಿನದೋ, ಅಡ್ಡ ಟೊಂಗೆಯದೋ? ಉಪ್ಪಾಗೆಯಲ್ಲಿ ಅಡ್ಡ ಟೊಂಗೆಯ ಕಡ್ಡಿ ಕಟ್ಟಿದರೆ ಗಿಡ ಮರವಾಗಿ ಏಳದೆ ಪೊದೆಯ ಹಾಗೆ ನೆಲದ ಮೇಲೆ ಹರಡುತ್ತದೆ. ಎರಡನೆಯದು, ತಾಯಿ ಮರಗಳು ಎಷ್ಟು? ಒಂದೇ ತಾಯಿಯದ್ದು ಐವತ್ತು ತರುವ ಬದಲು ಐದಾರು ತಾಯಿಯದ್ದು ಎಂಟೆಂಟು ತನ್ನಿ. ನರ್ಸರಿಯವರು ಉತ್ತರ ಹೇಳದಿದ್ದರೆ ಬೇರೆ ನರ್ಸರಿ ನೋಡಿ. ಮೊದಲ ಎರಡು ಬೇಸಿಗೆ ನೀರು ಕೊಡಬೇಕು, ಇದನ್ನು ಮರೆಯುವವರಿಗೆ ಕಸಿ ಹೇಳಿ ಮಾಡಿಸಿದ್ದಲ್ಲ.

ಇನ್ನು ಗಂಡು ಮರದ ವಿಷಯ, ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಉಪ್ಪಾಗೆ, ಮುರುಗಲು, ರಾಮಪತ್ರೆ ಮೂರರಲ್ಲೂ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ನಮ್ಮ ಬೆಟ್ಟದ ಕೆಳ ಅಂಚಿನಲ್ಲಿ ಎರಡು ಉಪ್ಪಾಗೆ ಮರ ಇದ್ದವು. ಪ್ರತಿ ವರ್ಷ ಹೂ ಬಿಡುತ್ತಿದ್ದವು, ಒಂದು ಕಾಯಿ ಕಚ್ಚುತ್ತಿರಲಿಲ್ಲ. ಗೊಡ್ಡು ಮರ ಅಂತ ಹೇಳಿ ಒಂದು ಬೇಸಿಗೆಯಲ್ಲಿ ಎರಡನ್ನೂ ತೆಗೆಸಿದೆವು. ಆಮೇಲಿನ ವರ್ಷಗಳಲ್ಲಿ ಮೇಲಿನ ಮೂರು ದೊಡ್ಡ ಮರಗಳ ಫಸಲು ಇಳಿಯುತ್ತಾ ಬಂತು. ಮಳೆ ಸರಿ ಇಲ್ಲ, ಹೂವಿನ ಹೊತ್ತಿಗೆ ಮೋಡ ಅಂತೆಲ್ಲ ಕಾರಣ ಹುಡುಕಿದೆವು. ಕಾರಣ ನಮ್ಮ ಒಲೆಯಲ್ಲೇ ಉರಿದು ಹೋಗಿತ್ತು. ಈಗಲೂ ಆ ಮರಗಳ ಬುಡದ ಹತ್ತಿರ ಹೋದರೆ ಸಂಕಟವಾಗುತ್ತದೆ.

ಕಸಿ ತರುವವರು ಮಾಡುವ ತಪ್ಪೂ ಇದೇ. ಎಲ್ಲ ಹೆಣ್ಣು ಗಿಡವನ್ನೇ ತರುತ್ತಾರೆ. ಸುತ್ತಲಿನ ಕಾಡಲ್ಲಿ ಗಂಡು ಮರ ಇದ್ದರೆ ಹೇಗೋ ನಡೆಯುತ್ತದೆ, ಕರಾವಳಿಯ ಬೋಳು ಗುಡ್ಡದಲ್ಲಿ ನಡೆಯುವುದಿಲ್ಲ. ನೂರಕ್ಕೆ ಹತ್ತರಂತೆ ಗಂಡು ಗಿಡ ಇರಲಿ. ಅದಕ್ಕೆ ಸುಲಭ ದಾರಿ, ನಡು ನಡುವೆ ಬೀಜದ ಗಿಡ ಹಾಕುವುದು. ಅದರಲ್ಲಿ ಅರ್ಧ ಗಂಡು ಬರುತ್ತದೆ ಅಂತ ಮೊದಲು ಬೇಜಾರು ಮಾಡಿಕೊಂಡೆವಲ್ಲ, ಆ ಗಂಡು ಇಲ್ಲಿ ಬೇಕಾಗುತ್ತದೆ.

ಯಾವ ಜಾತಿ?

ಉಪ್ಪಾಗೆಯೋ ಮುರುಗಲೋ ಅನ್ನುವ ಪ್ರಶ್ನೆಗೆ ನಾನು ರೇಟು ನೋಡಿ ಉತ್ತರ ಹೇಳುವುದಿಲ್ಲ, ರೇಟು ವರ್ಷ ವರ್ಷ ಬದಲಾಗುತ್ತದೆ. ಹಣ್ಣು ಯಾವಾಗ ಆಗುತ್ತದೆ ಅಂತ ನೋಡಿ. ಕರಾವಳಿಯಲ್ಲಿ ಮುರುಗಲು ಏಪ್ರಿಲ್, ಮೇ ತಿಂಗಳಲ್ಲಿ ಹಣ್ಣಾಗುತ್ತದೆ, ಬಿಸಿಲಲ್ಲಿ ಸಿಪ್ಪೆ ಒಣಗಿಸಬಹುದು. ಉಪ್ಪಾಗೆ ಹಣ್ಣಾಗುವುದು ಜೂನ್‌ನಿಂದ ಆಗಸ್ಟ್, ಜಡಿಮಳೆಯಲ್ಲಿ. ಬೆಂಕಿ ಇಲ್ಲದೆ ಅದು ಒಣಗುವುದಿಲ್ಲ. ಅಂದರೆ ಉಪ್ಪಾಗೆಯ ಪ್ರತಿ ಮೂಟೆಯ ಹಿಂದೆ ಒಂದಷ್ಟು ಕಟ್ಟಿಗೆ ಇದೆ. 1990ರ ದಶಕದಲ್ಲಿ ತೂಕ ಇಳಿಸುವ ಔಷಧಕ್ಕೆ ಉಪ್ಪಾಗೆಯ ಹುಳಿ ಬೇಕು ಅಂತ ಹೊರದೇಶದಿಂದ ಬೇಡಿಕೆ ಬಂತಲ್ಲ, ಆಗ ನಮ್ಮ ಕಡೆ ಹಳ್ಳಿ ಹಳ್ಳಿಯಲ್ಲೂ ಒಲೆ ಹೊತ್ತಿದವು. ಮರಕ್ಕೆ ಒಂದು ಪೆಟ್ಟು ಹಸಿ ಕಾಯಿ ಕೊಯ್ಲಿನಿಂದ, ಸುತ್ತಲಿನ ಬೇರೆ ಮರಗಳಿಗೆ ಇನ್ನೊಂದು ಪೆಟ್ಟು ಕಟ್ಟಿಗೆಯಿಂದ.

ಹಾಗಾಗಿ ಕುಮಟಾ, ಅಂಕೋಲಾ, ಕಾರವಾರದ ಕಡೆ ಇರುವವರಿಗೆ ನನ್ನ ಸಲಹೆ ಮುರುಗಲು. ಕೊಂಕಣಿ ಮಾತಾಡುವವರ ಮನೆಯಲ್ಲಂತೂ ಅದಿಲ್ಲದೆ ಅಡುಗೆ ಇಲ್ಲ, ಮುರುಗಲಿನ ಸೋಲ್ ಕಡಿ ಪಾನೀಯ ಯಾರಿಗೆ ಬೇಡ? ಸಿಪ್ಪೆ ಸಾರಿಗೆ, ಪಾನಕಕ್ಕೆ, ಬೀಜದಿಂದ ತುಪ್ಪ (ಗಟ್ಟಿ ಎಣ್ಣೆ). ಘಟ್ಟದ ಮೇಲೆ ಮುರುಗಲು ಸ್ವಲ್ಪ ತಡವಾಗಿ ಹಣ್ಣಾಗುತ್ತದೆ, ಮಳೆ ಬೇಗ ಬಂದ ವರ್ಷ ಮರದಲ್ಲೇ ಕೊಳೆಯುತ್ತದೆ. ಅಲ್ಲಿಗೆ ಉಪ್ಪಾಗೆ ಸರಿ, ಆದರೆ ಒಣಗಿಸಲು ಕಟ್ಟಿಗೆ ಕಡಿಮೆ ಉಣ್ಣುವ ಡ್ರೈಯರ್ ಇರಲಿ. ನಾಲ್ಕು ಮನೆ ಸೇರಿ ಒಂದು ಮಾಡಿಕೊಂಡರೂ ಆಗುತ್ತದೆ. ಅಡಿಕೆ ಸಿಪ್ಪೆಯನ್ನೂ ಉರಿಸಬಹುದು.

ಅಪ್ಪೆಮಿಡಿಯ ಲೆಕ್ಕವೇ ಬೇರೆ, ಇಲ್ಲಿ ನಾನು ಕಸಿಯ ಪರ. ಅಘನಾಶಿನಿ, ಬೇಡ್ತಿ, ಶರಾವತಿ ಹೊಳೆಗಳ ದಂಡೆಯಲ್ಲಿ ತಾನಾಗಿ ಹುಟ್ಟಿದ ಮಾವು ಇದು. ಒಂದು ಮರದ ಮಿಡಿಯ ಪರಿಮಳ ಇನ್ನೊಂದಕ್ಕಿಲ್ಲ. ಜೀರಿಗೆ ವಾಸನೆಯದ್ದು ಒಂದು, ಕರ್ಪೂರದ್ದು ಒಂದು. ಸೊನೆ ಹೇಗಿದೆ, ಭರಣಿಯಲ್ಲಿ ಎಷ್ಟು ವರ್ಷ ಮೆತ್ತಗಾಗದೆ ಉಳಿಯುತ್ತದೆ ಎಲ್ಲವೂ ಮರ ಮರಕ್ಕೆ ಬೇರೆ. ಗೊರಟು ಹಾಕಿದರೆ ತಾಯಿಯ ಗುಣವೇ ಬರುತ್ತದೆ ಅನ್ನುವ ಹಾಗಿಲ್ಲ. ಅನಂತಭಟ್ಟನ ಅಪ್ಪೆ, ಮಾಳಂಜಿ ಅಂಥ ಹೆಸರಾಂತ ಮಿಡಿಗಳು ಊರೂರಿಗೆ ಹೋಗಿದ್ದು ಕಸಿಯಿಂದ. ಹೊಳೆ ದಂಡೆಯ ಒಂದು ಒಳ್ಳೆ ಮರ ಒರಗಿ ಬೀಳುವ ಹಾಗಿದ್ದರೆ ಈ ವರ್ಷವೇ ಕಡ್ಡಿ ತಂದು ಕಟ್ಟಿ, ಮುಂದಿನ ವರ್ಷದ ಪ್ರವಾಹಕ್ಕೆ ಅದು ಇರುವುದಿಲ್ಲ.

ಆದರೆ ಅಪ್ಪೆಮಿಡಿಯಲ್ಲಿ ಕಣ್ಣಿಗೆ ಕಾಣದ ಒಂದು ಅಪಾಯ ಇದೆ. ಉಪ್ಪಾಗೆಯಲ್ಲಿ ಹಣ್ಣು ಕೊಯ್ದರೂ ಒಂದಷ್ಟು ಉದುರಿ ಬೀಜ ನೆಲಕ್ಕೆ ಬೀಳುತ್ತದೆ. ಇಲ್ಲಿ ನಾವು ಕೊಯ್ಯುವುದೇ ಗೊರಟು ಕಟ್ಟುವ ಮೊದಲು. ಮರದ ಮಿಡಿಯೆಲ್ಲ ಕೊಯ್ದರೆ ಆ ವರ್ಷ ಒಂದು ಬೀಜವೂ ಇಲ್ಲ. ಹೀಗೆ ಇಪ್ಪತ್ತು ವರ್ಷ ನಡೆದರೆ ದಂಡೆಯಲ್ಲಿ ಮುದಿ ಮರಗಳಷ್ಟೇ ಇರುತ್ತವೆ, ಮರಿ ಗಿಡ ಇರುವುದಿಲ್ಲ. ಹೋಗಿ ನೋಡಿ, ಬಹಳ ಕಡೆ ಈಗಾಗಲೇ ಹಾಗಿದೆ. ಮುಂದಿನ ಅನಂತಭಟ್ಟನ ಅಪ್ಪೆ ಹುಟ್ಟಬೇಕಾದರೆ ಯಾವುದೋ ಗೊರಟು ಆ ಮರಳಲ್ಲಿ ಮೊಳೆಯಲೇಬೇಕು. ಪ್ರತಿ ಮರದಲ್ಲೂ ಒಂದು ಟೊಂಗೆ ಮುಟ್ಟದೆ ಬಿಡಿ, ಹಣ್ಣಾಗಿ ಬೀಳಲಿ. ಇದ್ದದ್ದನ್ನು ಉಳಿಸಲು ಕಸಿ ಕಟ್ಟಿ, ಹೊಸದು ಹುಟ್ಟಲು ಗೊರಟು ಬಿಡಿ, ಎರಡೂ ಬೇಕು.

ಕಾರವಾರ, ಅಂಕೋಲಾದ ಕರಿ ಈಶಾಡು ಮಾವು 2023ರಲ್ಲಿ ಜಿಐ ಟ್ಯಾಗ್ (ಭೌಗೋಳಿಕ ಗುರುತು) ಪಡೆಯಿತು. ಅದು ಸಂತೋಷದ ಸುದ್ದಿ, ಆದರೆ ಅದು ತೋಟದ ಮಾವು. ಈಶಾಡು ಹಾಕಿದೆ, ಕಾಡುಮಾವು ಉಳಿಸಿದ ಹಾಗಾಯಿತು ಅಂತ ಅಂದುಕೊಳ್ಳಬೇಡಿ.

ರಾಮಪತ್ರೆ ತೋಟದ ಹಳ್ಳದ ಬದಿಗೆ ಒಳ್ಳೆಯದು, ನೆರಳು ಮತ್ತು ತಂಪು ಬೇಕು. ಕಾಡಲ್ಲಿ ಕೊಯ್ಯುವಾಗ ಮಂಗಟ್ಟೆಯ ಪಾಲು ನೆನಪಿರಲಿ, ಬೀಜ ಸುತ್ತಿದ ಆ ಕೆಂಪು ಪತ್ರೆಯನ್ನು ನೋಡಿಯೇ ಅದು ಬರುವುದು, ಬೀಜ ದೂರ ಹೋಗುವುದೂ ಅದರಿಂದಲೇ. ಇನ್ನು ಸಿದ್ದಾಪುರದ ಕತ್ತಲೆಕಾನಿನಂಥ ರಾಮಪತ್ರೆ ಜಡ್ಡಿಗಳು, ಕಾಡು ಜಾಯಿಕಾಯಿ ಜಾತಿಯ ಮರಗಳು ಬೇರನ್ನು ಮಂಡಿಯ ಹಾಗೆ ಕೆಸರಿನಿಂದ ಮೇಲೆತ್ತಿ ನಿಂತಿರುವ ಜಾಗಗಳು, ಇವಕ್ಕೆ ಮಾತ್ರ ಆಯ್ಕೆಯೇ ಇಲ್ಲ. ನೆಡಬೇಡಿ, ಕೊಯ್ಯಬೇಡಿ, ಆ ಹಳ್ಳದ ನೀರಿಗೆ ಪೈಪ್ ಹಾಕಬೇಡಿ. ಕತ್ತಲೆಕಾನಿನಲ್ಲಿ ಸಿಕ್ಕ ಒಂದು ಗೇರು ಜಾತಿಯ ಮರಕ್ಕೆ 2000ದಲ್ಲಿ ಆ ಊರಿನ ಹೆಸರನ್ನೇ ಇಟ್ಟರು. ಅಲ್ಲಿಯ ತನಕ ವಿಜ್ಞಾನಕ್ಕೆ ಅದರ ಪರಿಚಯವೇ ಇರಲಿಲ್ಲ. ನೀರು ತಿರುಗಿಸಿದರೆ ಜಡ್ಡಿ ಒಣಗುತ್ತದೆ, ಒಣಗಿದ ಮೇಲೆ ನರ್ಸರಿಯಿಂದ ತಂದು ಕಟ್ಟುವ ಕಾಡಲ್ಲ ಅದು.

ಕೊಯ್ಯುವಾಗ

ಯಾವ ಗಿಡವನ್ನು ಕಾಡಿಂದ ತರಬಹುದು, ಯಾವುದನ್ನು ಮನೆಯಲ್ಲೇ ಬೆಳೆಸಬೇಕು ಅಂತ ಕೇಳಿದರೆ ನಾನು ನೋಡುವುದು ಗಿಡದ ಯಾವ ಭಾಗ ಬೇಕು ಅನ್ನುವುದನ್ನು. ಹಣ್ಣು ಸಾಕಾದರೆ ಕಾಡು ತಡೆದುಕೊಳ್ಳುತ್ತದೆ, ಸೊಪ್ಪು ಸಾಕಾದರೂ ತಡೆದುಕೊಳ್ಳುತ್ತದೆ. ತೊಗಟೆ ಬೇಕು ಅಂದರೆ ಯೋಚನೆ ಮಾಡಬೇಕು. ಬೇರು ಬೇಕು ಅಂದರೆ ಗಿಡವೇ ಹೋಯಿತು. ಸರ್ಪಗಂಧ, ಏಕನಾಯಕದಂಥ ಔಷಧ ಗಿಡಗಳ ಬೇರು ಕಾಡಿಂದ ಕೀಳಬೇಡಿ. ಅಶೋಕದ ತೊಗಟೆಗೆ ಔಷಧ ಕಂಪನಿಗಳ ಬೇಡಿಕೆ ಎಷ್ಟಿದೆಯೆಂದರೆ ಕಾಡಿನ ಮರಗಳ ಮೈ ಸುಲಿದಿರುವುದು ಕಾಣಸಿಗುತ್ತದೆ. ರಸ್ತೆ ಬದಿ ಕಂಬದ ಹಾಗೆ ನಿಲ್ಲುವುದು ಆ ಅಶೋಕ ಅಲ್ಲ, ಕೇಸರಿ ಹೂವಿನ ಗೊಂಚಲು ಬಿಡುವುದು ನಿಜವಾದ ಅಶೋಕ, ಅದನ್ನು ಮನೆಯ ಹತ್ತಿರ ಬೆಳೆಸಿ. ದಾಲ್ಚಿನ್ನಿಯೂ ಹಾಗೆಯೇ: ತೋಟದಲ್ಲಿ ಬೆಳೆಸಿದರೆ ಬುಡಕ್ಕೆ ಕಡಿದಷ್ಟೂ ಚಿಗುರುತ್ತದೆ, ಕಾಡಿನ ಮರದ ತೊಗಟೆ ಸುತ್ತಲೂ ಸುಲಿದರೆ ನಿಂತಲ್ಲೇ ಒಣಗುತ್ತದೆ.

ಹಣ್ಣಿನಲ್ಲೂ ಎಲ್ಲ ಕೊಯ್ಲು ಒಂದೇ ಅಲ್ಲ. ಉಪ್ಪಾಗೆ ಹಳದಿ ತಿರುಗುವ ತನಕ ಕಾಯಬೇಕು ಅಂತ ಎಲ್ಲರಿಗೂ ಗೊತ್ತು. ಆದರೂ ಹಸಿ ಕಾಯಿ ಯಾಕೆ ಕೊಯ್ಯುತ್ತಾರೆ? ನಾನು ಬಿಟ್ಟರೆ ಇನ್ನೊಬ್ಬ ಕೊಯ್ಯುತ್ತಾನೆ ಅಂತ. ಇದು ದುರಾಸೆಯಲ್ಲ, ಭಯ. ಈ ಭಯ ಹೋಗಬೇಕಾದರೆ ಊರವರು ಕೂತು, ಇಂಥ ದಿನದವರೆಗೆ ಯಾರೂ ದೋಟಿ (ಕೊಯ್ಯುವ ಉದ್ದ ಕೋಲು) ಎತ್ತುವ ಹಾಗಿಲ್ಲ ಅಂತ ತಾವೇ ದಿನ ಗೊತ್ತು ಮಾಡಬೇಕು. ಗ್ರಾಮ ಅರಣ್ಯ ಸಮಿತಿ ಇರುವ ಊರಲ್ಲಿ ಇದನ್ನು ಸಭೆಯಲ್ಲಿ ಬರೆಸಬಹುದು. ಒಬ್ಬರೇ ನಿಯಮ ಪಾಲಿಸಿದರೆ ಹಣ್ಣು ಪಕ್ಕದವರ ಮನೆ ಸೇರುತ್ತದೆ ಅಷ್ಟೇ.

ಇನ್ನೊಂದು ಸಣ್ಣ ಬದಲಾವಣೆ ಬಹಳ ಕೆಲಸ ಮಾಡುತ್ತದೆ. ಉಪ್ಪಾಗೆ ಹಣ್ಣನ್ನು ಇಡಿಯಾಗಿ ಮನೆಗೆ ಹೊತ್ತು ತಂದರೆ ಬೀಜವೆಲ್ಲ ಅಂಗಳ ಸೇರುತ್ತದೆ. ಅದರ ಬದಲು ಮರದ ಕೆಳಗೇ ಕೂತು ಬಿಡಿಸಿ, ಸಿಪ್ಪೆ ಮಾತ್ರ ತನ್ನಿ. ಹೊರೆಯೂ ಹಗುರ. ತುಪ್ಪಕ್ಕೆ ಬೇಕಾದಷ್ಟು ಬೀಜ ಇಟ್ಟುಕೊಂಡು ಉಳಿದದ್ದನ್ನು ಅಲ್ಲೇ ದರಕಿನ ಅಡಿ ಹರಡಿ ಬನ್ನಿ. ಅಘನಾಶಿನಿ ಕಣಿವೆಯ ಕಡೆ ಇರುವವರು ಇನ್ನಷ್ಟು ಹಣ್ಣು ಮರದಲ್ಲೇ ಬಿಡಬೇಕು. ಅಲ್ಲಿ 2011ರಲ್ಲಿ ಸಂರಕ್ಷಿತ ಮೀಸಲು ಪ್ರದೇಶ ಅಂತ ಘೋಷಿಸಿದ್ದು ಸಿಂಗಳೀಕಗಳಿಗಾಗಿ, ಮಳೆಗಾಲದಲ್ಲಿ ಅವೂ ಇದೇ ಹಣ್ಣು ತಿನ್ನುತ್ತವೆ.

ಕಾನೂನಿನ ಮಾತು ಎರಡೇ ಸಾಲಿನಲ್ಲಿ: ಬೆಟ್ಟದಲ್ಲಿ ಮರ ಕಡಿಯಲು ಅರಣ್ಯ ಇಲಾಖೆಯ ಒಪ್ಪಿಗೆ ಬೇಕು, ಕಾಯ್ದಿಟ್ಟ ಅರಣ್ಯದಿಂದ ಏನಾದರೂ ತರುವ ಮೊದಲು ವಲಯ ಅರಣ್ಯ ಕಚೇರಿಯಲ್ಲಿ ಕೇಳಿ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಮತ್ತು ಊರಿನ ಗಿಡಮರಗಳ ದಾಖಲೆ ಪುಸ್ತಕ ಇರಬೇಕು. ನಿಮ್ಮೂರಿನ ಒಳ್ಳೆ ಅಪ್ಪೆ ಮರ, ಬಿಳಿ ಮುರುಗಲು, ಹಳೆ ಉಪ್ಪಾಗೆ ಯಾವ ಸರ್ವೆ ನಂಬರಿನಲ್ಲಿದೆ ಅಂತ ಅದರಲ್ಲಿ ಬರೆಸಿ. ನಾಳೆ ರಸ್ತೆ ಅಗಲ ಮಾಡುವವರು ಬಂದಾಗ ಕೈಯಲ್ಲಿ ಒಂದು ಕಾಗದ ಇರುತ್ತದೆ.

ಹಾಗಾದರೆ ನೀವು ಏನು ಮಾಡಬೇಕು?

ಬೆಟ್ಟದಲ್ಲಿ ಹತ್ತು ಹೆಜ್ಜೆಗೊಂದು ಒಳ್ಳೆ ಸಸಿ ಕಂಡರೆ ಏನೂ ನೆಡಬೇಡಿ. ಆ ದುಡ್ಡಲ್ಲಿ ಅಗಳ ಸರಿ ಮಾಡಿಸಿ. ಸಸಿ ಇದೆ ಆದರೆ ಎಲ್ಲ ಒಂದೆರಡೇ ಜಾತಿ ಅಂತಾದರೆ ಇಲ್ಲದ ಜಾತಿಯದ್ದನ್ನು ಬೀಜದಿಂದ ತಂದು ನಡು ನಡುವೆ ಹಾಕಿ. ಬೋಳು ಬೇಣವಾದರೆ ಮೊದಲು ನೇರಳೆ, ಮತ್ತಿಯಂಥ ಬಿಸಿಲು ತಡೆಯುವ ಮರ ಬರಲಿ, ಉಪ್ಪಾಗೆ, ರಾಮಪತ್ರೆ ನೆರಳು ಬಂದ ಮೇಲೆ. ಕಸಿ ಗಿಡ ತೋಟದ ಅಂಚಿಗೆ, ಮನೆಯ ಹಿತ್ತಲಿಗೆ, ನೀರು ಎಟಕುವ ಕಡೆಗೆ. ಕಸಿಯನ್ನು ಬೆಟ್ಟದ ಒಳಗೆ ಸಾಲು ಹಿಡಿದು ಹಾಕುವುದು, ಅದಕ್ಕಾಗಿ ತಾನಾಗಿ ಹುಟ್ಟಿದ ಸಸಿ ಸವರುವುದು, ಇದನ್ನು ಮಾತ್ರ ದಯವಿಟ್ಟು ಮಾಡಬೇಡಿ. ಅದು ಇನ್ನೊಂದು ತೋಟವಾಗುತ್ತದೆ. ತೋಟ ನಮಗೆ ಈಗಾಗಲೇ ಇದೆ.

ನಮ್ಮ ಬೆಟ್ಟದಲ್ಲಿ ಆ ಎರಡು ಗಂಡು ಮರ ಹೋದ ಜಾಗದ ಹತ್ತಿರ ಈಗ ಏಳು ಉಪ್ಪಾಗೆ ಸಸಿಗೆ ಸೀರೆಯ ಪಟ್ಟಿ ಕಟ್ಟಿದ್ದೇನೆ. ಯಾವುದು ಗಂಡು, ಯಾವುದು ಹೆಣ್ಣು ಅಂತ ಹೂ ಬಿಟ್ಟಾಗಲೇ ಗೊತ್ತಾಗುವುದು. ಏಳನ್ನೂ ಬಿಡುತ್ತೇನೆ.